ಪದ್ಮಾ ಗಾರು ಬರುವ ತನಕ ಕೂರುವ ಕೆಲಸ

ಜನವರಿ 9, ಗುರುವಾರ

ಈ ಡೈರಿ ಭಾವ ಕೊಟ್ಟದ್ದು. ಹೊಸ ವರ್ಷಕ್ಕೆ ಅವರ ಬ್ಯಾಂಕಿನಲ್ಲಿ ಹಂಚಿದ್ದರಲ್ಲಿ ಒಂದು ಮಿಕ್ಕಿತ್ತಂತೆ. "ದಿನಾ ಒಂದು ಪುಟ ಬರಿ ಗುರು. ಬರೆಯೋಕಾದ್ರೂ ಒಂದು ಕಡೆ ಕೂರಬೇಕಾಗುತ್ತೆ," ಎಂದರು. ಏನು ಬರೆಯಲಿ ಎಂದೆ. "ಬೆಳಿಗ್ಗೆಯಿಂದ ಏನು ಮಾಡಿದೆ ಅಂತ ಬರಿ." ಬೆಳಿಗ್ಗೆಯಿಂದ ಏನೂ ಮಾಡಿಲ್ಲ.

ಅಡುಗೆಮನೆಯಿಂದ ಅಕ್ಕ ಹೇಳಿದಳು, "ಅವನಿಗೆ ಕುಂದ್ರಾಕ ಬರಂಗಿಲ್ರೀ. ಸಣ್ಣಾವಿದ್ದಾಗ ಕಟಿಂಗ್ ಮಾಡಿಸಾಕ ಇಬ್ರು ಹಿಡಕಬೇಕಿತ್ತು."

ಹತ್ತನೇ ಕ್ಲಾಸು ಮುಗಿದ ಮೇಲೆ ಸಿರುಗುಪ್ಪದಲ್ಲಿ ಮೊಬೈಲ್ ಅಂಗಡಿಗೆ ಹೋದೆ, ಬಿಟ್ಟೆ. ಟ್ರ್ಯಾಕ್ಟರ್ ಶೋರೂಮಿಗೆ ಹೋದೆ, ಬಿಟ್ಟೆ. ಮಾವನ ರೈಸ್ ಮಿಲ್ಲಿನಿಂದ ಮಧ್ಯಾಹ್ನ ಊಟಕ್ಕೆಂದು ಎದ್ದವನು ವಾಪಸ್ ಹೋಗಲೇ ಇಲ್ಲ. ಕೊನೆಗೆ ಅವ್ವ ನನ್ನನ್ನು ಅಕ್ಕನ ಜೊತೆ ವಿಶಾಖಪಟ್ಟಣಕ್ಕೆ ಕಳಿಸಿದಳು. ಭಾವನಿಗೆ ಇಲ್ಲಿಗೆ ಟ್ರಾನ್ಸ್‌ಫರ್ ಆಗಿದೆ, ನನಗೆ ಶಿಕ್ಷೆ ಆಗಿದೆ. ಯುಗಾದಿಯ ತನಕ ಒಂದು ಕೆಲಸದಲ್ಲಿ ನಿಲ್ಲದಿದ್ದರೆ ಮತ್ತೆ ಮಾವನ ಮಿಲ್ಲಿಗೇ, ಈ ಸಲ ಮೂಟೆ ಹೊರಲು.

ಎಂವಿಪಿ ಕಾಲೋನಿಯ ಈ ಮನೆಯಿಂದ ಸಮುದ್ರ ಕಾಣುತ್ತದೆ ಎಂದು ಓನರ್ ಹೇಳಿದ್ದರು. ಕಾಣುತ್ತದೆ, ಬಾತ್‌ರೂಮಿನ ಬಕೆಟ್ ಬೋರಲು ಹಾಕಿ ಅದರ ಮೇಲೆ ಹತ್ತಿದರೆ.

ಇಷ್ಟು ಬರೆಯುವಷ್ಟರಲ್ಲಿ ಮೂರು ಸಲ ಎದ್ದು ಬಂದೆ. ಪುಟ ತುಂಬಲಿಲ್ಲ. ಸಾಕು.

ಜನವರಿ 20, ಸೋಮವಾರ

ಕೆಲಸ ಸಿಕ್ಕಿತು. ಭಾವನ ಬ್ಯಾಂಕಿನ ಹಳೆಯ ಗಿರಾಕಿ ಸೂರ್ಯಪ್ರಕಾಶ ಗಾರು ಇಲ್ಲಿ 'ಕೆರಟಂ ಟಿವಿ' ಎಂಬ ಲೋಕಲ್ ಚಾನೆಲ್ ನಡೆಸುತ್ತಾರೆ. ಕೆರಟಂ ಎಂದರೆ ತೆಲುಗಿನಲ್ಲಿ ಅಲೆ. (ಇಲ್ಲಿ ಎಲ್ಲರ ಹೆಸರಿಗೂ 'ಗಾರು' ಹಚ್ಚಬೇಕು, ಬೈಯುವಾಗಲೂ.) ಯುಗಾದಿಯಿಂದ ಅವರ ಚಾನೆಲ್ ಎಚ್‌ಡಿ ಆಗುತ್ತದಂತೆ. ದೊಡ್ಡ ಚಾನೆಲ್‌ಗಳ ಹಾಗೆ ಎಲ್ಲವೂ ಗಾಜಿನಂತೆ ಕಾಣಬೇಕು, ಕಾರ್ಯಕ್ರಮ ಮಾತ್ರ ನಮ್ಮದೇ ಇರಬೇಕು ಎನ್ನುತ್ತಾರೆ. ವಿಜಯವಾಡದಲ್ಲೂ ಒಬ್ಬ ಪಾರ್ಟ್‌ನರ್ ಸಿಕ್ಕಿದ್ದಾರೆ. ಎರಡು ಊರಿಗೂ ಒಂದೇ ಕಾರ್ಯಕ್ರಮ.

"ನಿನಗೆ ಏನು ಬರುತ್ತೆ ಬಾಬು?" ಎಂದು ಕೇಳಿದರು. ನಮ್ಮ ಗಡಿ ಊರಿನವರಿಗೆ ತೆಲುಗು ಬರುತ್ತದೆ, ಮಾತು ಕಷ್ಟವಾಗಲಿಲ್ಲ. ಏನು ಹೇಳಿದರೂ ಮಾಡುತ್ತೇನೆ ಎಂದೆ.

"ಕೂರೋಕೆ ಬರುತ್ತಾ?"

ತಮಾಷೆ ಎಂದುಕೊಂಡೆ. ತಮಾಷೆಯಲ್ಲ. ಕಾರ್ಯಕ್ರಮ ನಡೆಸಿಕೊಡುವವರು ಬರುವ ಮುಂಚೆ ಅವರ ಕುರ್ಚಿಯಲ್ಲಿ ಯಾರಾದರೂ ಅಲುಗಾಡದೆ ಕೂತಿರಬೇಕು. ಆ ಮುಖ ನೋಡಿಕೊಂಡು ಕ್ಯಾಮೆರಾಮನ್ ಲೈಟುಗಳನ್ನು ಹೊಂದಿಸುತ್ತಾನೆ. ಅವರು ಬಂದಾಗ ನಾನು ಎದ್ದು ಹೋಗಬೇಕು. ಅಷ್ಟೇ ಕೆಲಸ.

ಇದನ್ನು ಮನೆಯಲ್ಲಿ ಹೇಳಿದಾಗ ಭಾವನಿಗೆ ಚಹಾ ನೆತ್ತಿಗೇರಿತು. ಅಕ್ಕ ದೇವರಿಗೆ ದೀಪ ಹಚ್ಚಿದಳು, ನಗುತ್ತಲೇ.

ಜನವರಿ 21, ಮಂಗಳವಾರ

ಸ್ಟುಡಿಯೋ ದ್ವಾರಕಾನಗರದಲ್ಲಿ ಒಂದು ಸ್ವೀಟ್ ಅಂಗಡಿಯ ಮೇಲಿದೆ. ಸುದ್ದಿ ಓದುವವರ ಸುತ್ತ ಯಾವಾಗಲೂ ಜಿಲೇಬಿಯ ವಾಸನೆ. ಹೊಸ ಕ್ಯಾಮೆರಾಕ್ಕೆ ಅರಿಶಿನ ಹಚ್ಚಿ, ನಿಂಬೆಹಣ್ಣು ಕುಯ್ದು, ಕಾಯಿ ಒಡೆದರು. ಆಮೇಲೆ ಆನ್ ಮಾಡಿದರು.

ಎಲ್ಲರೂ ಮಾನಿಟರಿನ ಹತ್ತಿರ ಬಗ್ಗಿದರು. ಕುರ್ಚಿಯ ಹಿಂದೆ ಸಮುದ್ರದ ದೊಡ್ಡ ಫ್ಲೆಕ್ಸ್ ಇದೆ. ಹಳೆಯ ಕ್ಯಾಮೆರಾದಲ್ಲಿ ಅದು ಸಮುದ್ರವೇ ಆಗಿತ್ತು. ಇದರಲ್ಲಿ ಅಲೆಗಳ ನಡುವೆ ಮಡಿಕೆ, ಆಕಾಶದಲ್ಲಿ ಹಲ್ಲಿಯ ಹಿಕ್ಕೆ, ಮೇಜಿನ ಪ್ಲಾಸ್ಟಿಕ್ ಗುಲಾಬಿಗೆ ಅಂಟಿದ ಬೆಲೆಯ ಚೀಟಿ.

"ಇಷ್ಟು ವರ್ಷ ಇದರ ಮುಂದೇನಾ ಕೂತಿದ್ದದ್ದು?" ಎಂದರು ಸೂರ್ಯಪ್ರಕಾಶ ಗಾರು, ಮೆಲ್ಲಗೆ.

ಕ್ಯಾಮೆರಾಮನ್ ಕೃಷ್ಣಚೈತನ್ಯ ನನ್ನನ್ನು ಕೂರಿಸಿ, "ಮೂಗು ಮುಟ್ಟಬೇಡ," ಎಂದ. ಅವನು ಹೇಳುವ ತನಕ ನನಗೆ ಮೂಗು ಇದೆ ಎಂಬುದೇ ನೆನಪಿರಲಿಲ್ಲ. ಆಮೇಲೆ ಬರೀ ಮೂಗೇ.

ಜನವರಿ 22, ಬುಧವಾರ

ನಾಳೆ ಬಿಡುತ್ತೇನೆ.

ಜನವರಿ 24, ಶುಕ್ರವಾರ

ಬಿಡಲಿಲ್ಲ. ಬಿಡಬೇಕೆಂದೇ ಬಂದಿದ್ದೆ, ಅಷ್ಟರಲ್ಲಿ ಪದ್ಮಾ ಗಾರು ಬಂದರು. ನಾನು ಕುರ್ಚಿ ಕಾಯಿಸುತ್ತಿರುವುದು ಇವರಿಗಾಗಿ. ಬೆಳಗಿನ ಕಾರ್ಯಕ್ರಮ ಶುರುವಾದಾಗಿನಿಂದ ಇವರೇ. ಇವತ್ತು ಯಾರ ಹುಟ್ಟಿದಹಬ್ಬ, ಯಾವ ಏರಿಯಾದಲ್ಲಿ ಕರೆಂಟ್ ಇಲ್ಲ, ಎಲ್ಲಿ ನೀರು ಬರುತ್ತದೆ, ಎಲ್ಲ ಹೇಳುತ್ತಾರೆ. ಹೆಸರು ಓದಿದ ಮಕ್ಕಳಿಗೆ ಟಿವಿಯೊಳಗಿಂದಲೇ ಆಶೀರ್ವಾದ ಮಾಡುತ್ತಾರೆ. ಅವರು ಮೆಟ್ಟಿಲು ಹತ್ತಿದರೆ ಸ್ವೀಟ್ ಅಂಗಡಿಯವನೂ ಎದ್ದು ನಿಲ್ಲುತ್ತಾನೆ.

ನಾನು ಕುರ್ಚಿಯಿಂದ ಹಾರಿ ಎದ್ದೆ.

"ಕುಂದ್ರು ಕುಂದ್ರು. ಉಂಡೀಯಾ?"

ಕನ್ನಡ. ಅದೂ ನಮ್ಮ ಕಡೆಯದು. ಅವರ ಅಪ್ಪ ಹೊಸಪೇಟೆಯವರು, ಬ್ಯಾಂಕಿನ ಕ್ಲರ್ಕ್ ಆಗಿ ಇಲ್ಲಿಗೆ ಬಂದವರು ಇಲ್ಲಿಯೇ ಉಳಿದರಂತೆ.

"ನನಗೆ ಪೂರಾ ಕನ್ನಡ ಬರಂಗಿಲ್ಲಪ್ಪ," ಎಂದರು. "ಉಣ್ಣು, ಕುಂದ್ರು, ಮಲ್ಕ, ಮತ್ತೆ ಬೈಗುಳ. ಮನಿಯಾಗ ಇಷ್ಟೇ ಬೇಕಾಗ್ತಿತ್ತು. ದುಡಿಯಾಕ ತೆಲುಗು, ಹಸಿವಿಗೆ ಕನ್ನಡ."

ನಾನು ಸಿರುಗುಪ್ಪದವನು ಎಂದೆ. ಏನು ಕೆಲಸ ಎಂದು ಕೇಳಿದರು. ಕೂರುವುದು ಎಂದೆ. ಬಹಳ ಹೊತ್ತು ನಕ್ಕರು. ಆಮೇಲೆ ಕುರ್ಚಿ ಬೆಚ್ಚಗಿದೆ ಎಂದು ಥ್ಯಾಂಕ್ಸ್ ಹೇಳಿದರು.

ಫೆಬ್ರವರಿ 3, ಸೋಮವಾರ

ಇವತ್ತು ಮೊದಲ ಎಚ್‌ಡಿ ಟೆಸ್ಟ್. ಕೃಷ್ಣಚೈತನ್ಯ ಬೆಳಿಗ್ಗೆಯಿಂದ ಲೈಟು ಎಳೆದಾಡಿದ. ಕೊನೆಗೆ ದೊಡ್ಡದೊಂದನ್ನು ನನ್ನ ಎಡಗಡೆಗೆ ತಂದು, "ಸೂಪರ್," ಎಂದ. ಮಾನಿಟರಿನಲ್ಲಿ ನೋಡಿದೆ. ಕೆನ್ನೆ ಒಂದು ಕಡೆ ಬೆಳಕು, ಒಂದು ಕಡೆ ನೆರಳು. ನಾನು ಇಷ್ಟು ಚೆನ್ನಾಗಿದ್ದೇನೆ ಎಂದು ಯಾರೂ ಹೇಳಿರಲಿಲ್ಲ. ಫೋಟೋ ತೆಗೆದು ಅಕ್ಕನಿಗೆ ಕಳಿಸಿದೆ. "ಯಾರಿದು?" ಎಂದು ವಾಪಸ್ ಕಳಿಸಿದಳು.

ಆಮೇಲೆ ನಾನು ಎದ್ದೆ, ಪದ್ಮಾ ಗಾರು ಕೂತರು. ಅದೇ ಬೆಳಕು. ಮಾನಿಟರಿನಲ್ಲಿ ಅವರ ಮುಖದ ಒಂದೊಂದು ಗೆರೆಗೂ ಒಂದೊಂದು ನೆರಳು, ಹಿಂಡಿ ಒಣಹಾಕಿದ ಸೀರೆಯ ಹಾಗೆ. ಇಲ್ಲಿ ದೊಡ್ಡವರಿಗೆ ಏನೂ ಹೇಳುವುದಿಲ್ಲ.

"ಅಮ್ಮಾ, ಕ್ಯಾಮೆರಾ ಹೊಸದು, ಇನ್ನೂ ಮಾತು ಕೇಳ್ತಿಲ್ಲ," ಎಂದರು ಸೂರ್ಯಪ್ರಕಾಶ ಗಾರು.

ಪದ್ಮಾ ಗಾರು ಕನ್ನಡಕ ಹಾಕಿಕೊಂಡು ಮಾನಿಟರ್ ನೋಡಿದರು. ತೆಗೆದಿಟ್ಟರು. ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಎಚ್‌ಡಿ ಅಂದ್ರ ಇದಾ? ನಮ್ಮ ಬಾತ್‌ರೂಮಿನ ಕನ್ನಡಿ ಯಾವಾಗೋ ಎಚ್‌ಡಿ ಆಗೇತಿ," ಎಂದರು.

ನಾನೊಬ್ಬನೇ ನಕ್ಕೆ. ಉಳಿದವರು ನನ್ನನ್ನು ಕೆಟ್ಟವನ ಹಾಗೆ ನೋಡಿದರು.

ಫೆಬ್ರವರಿ 8, ಶನಿವಾರ

ಮೇಕಪ್ ಜಾಸ್ತಿ ಮಾಡಿದರು. ಗೆರೆಗಳ ಜೊತೆ ಮೇಕಪ್ಪೂ ಕಂಡಿತು.

ಮಧ್ಯಾಹ್ನ ರಾಜ್ಯಶ್ರೀ ಎಂಬ ಹುಡುಗಿಯ ಟೆಸ್ಟ್ ಆಯಿತು. ಅಚ್ಯುತಾಪುರಂನಲ್ಲಿ ಯಾವುದೋ ಔಷಧಿ ಫ್ಯಾಕ್ಟರಿಯ ರಿಸೆಪ್ಷನ್‌ನಲ್ಲಿದ್ದವಳು. ನನ್ನ ವಯಸ್ಸೇ ಇರಬೇಕು. ನನ್ನ ಬೆಳಕು ಅವಳಿಗೆ ಹೇಳಿ ಮಾಡಿಸಿದ ಹಾಗಿತ್ತು. ನೀರು ಬರುವುದಿಲ್ಲ ಎಂಬುದನ್ನೂ, ರಸ್ತೆ ಮುಚ್ಚಿದೆ ಎಂಬುದನ್ನೂ ಒಂದೇ ನಗುವಿನಲ್ಲಿ ಓದಿದಳು. ಫ್ಯಾಕ್ಟರಿಗೆ ಬಂದವರನ್ನು ಹಾಗೆಯೇ ಕಾಯಿಸುತ್ತಿದ್ದಳೇನೋ. ಕೆಟ್ಟ ಹುಡುಗಿಯಲ್ಲ. ನನಗೆ ತನ್ನ ಡಬ್ಬಿಯಿಂದ ಪುಳಿಹೋರ ಕೊಟ್ಟಳು.

ಆಮೇಲೆ ಮೀಟಿಂಗ್ ಆಯಿತು. ನಾನು ಕುರ್ಚಿಯಲ್ಲೇ ಕೂತಿದ್ದೆ. ಕುರ್ಚಿಯಲ್ಲಿ ಕೂತವನಿಗೆ ಕಿವಿ ಇದೆ ಎಂದು ಯಾರಿಗೂ ಅನಿಸುವುದಿಲ್ಲ. ಯುಗಾದಿಯ ಮೊದಲ ಎಚ್‌ಡಿ ಕಾರ್ಯಕ್ರಮದಲ್ಲಿ ಪದ್ಮಾ ಗಾರಿಗೆ ಸನ್ಮಾನ. ಶಾಲು, ಹಣ್ಣಿನ ಬುಟ್ಟಿ, ಫಲಕ. ಸನ್ಮಾನ ಮುಗಿದ ಮೇಲೆ ಅವರು ಎದ್ದು ಹೋಗುತ್ತಾರೆ, ರಾಜ್ಯಶ್ರೀ ಬಂದು ಕೂರುತ್ತಾಳೆ.

"ಅಮ್ಮನಿಗೆ ಯಾರು ಹೇಳ್ತಾರೆ?" ಎಂದ ಕೃಷ್ಣಚೈತನ್ಯ.

"ಛೆ, ಅಂಥವರಿಗೆ ಬಾಯಿಬಿಟ್ಟು ಹೇಳೋದಾ? ಶಾಲು ಹೊದಿಸಿದ ಮೇಲೆ ಅವರಿಗೇ ಗೊತ್ತಾಗುತ್ತೆ," ಎಂದರು ಸೂರ್ಯಪ್ರಕಾಶ ಗಾರು.

ಫೆಬ್ರವರಿ 14, ಶುಕ್ರವಾರ

ಇವತ್ತು ಒಂದು ವಿಷಯ ನೋಡಿದೆ. ಟೀ ಬಿಡುವಿನಲ್ಲಿ ಪದ್ಮಾ ಗಾರು ಕಿಟಕಿಯ ಎದುರು ನಿಂತು ಹೂವಿನವಳ ಜೊತೆ ಮೇಲಿನಿಂದಲೇ ಚೌಕಾಸಿ ಮಾಡುತ್ತಿದ್ದರು. ಕ್ಯಾಮೆರಾ ಆ ಕಡೆ ತಿರುಗಿತ್ತು. ಕೃಷ್ಣಚೈತನ್ಯ ಫೋನಿನಲ್ಲಿದ್ದ. ಮಾನಿಟರಿನಲ್ಲಿ ಅವರ ಮುಖ ತಿಳಿಯಾಗಿತ್ತು. ಗೆರೆ ಇದ್ದವು, ಆದರೆ ಬೇಲಿಯ ಹಾಗಿರಲಿಲ್ಲ. ಮನೆಯ ಹಿರಿಯರ ಮುಖದಲ್ಲಿ ಇರುವ ಹಾಗೆ ಇದ್ದವು. ಬೆಳಕು ಎದುರಿನಿಂದ ಬೀಳುತ್ತಿತ್ತು.

ಆಮೇಲೆ ನನ್ನ ಕುರ್ಚಿಯನ್ನೂ ಪಕ್ಕದಲ್ಲಿರುವ ದೊಡ್ಡ ಲೈಟನ್ನೂ ನೋಡಿದೆ. ಪಕ್ಕದಿಂದ ಬಿದ್ದರೆ ನನ್ನ ಕೆನ್ನೆಯಲ್ಲಿ ನೆರಳಾಗುವ ಗೆರೆ ಒಂದೂ ಇಲ್ಲ. ನನ್ನ ಮುಖಕ್ಕೆ ಹೊಲಿದ ಅಂಗಿಯನ್ನು ಅವರಿಗೆ ತೊಡಿಸಿ, ಮೈ ಸರಿಯಿಲ್ಲ ಎನ್ನುತ್ತಿದ್ದೇವೆ.

"ಅಣ್ಣಾ, ಲೈಟು ಇಡುವಾಗ ಅಮ್ಮನನ್ನೇ ಕೂರಿಸಿದರೆ?" ಎಂದು ಕೃಷ್ಣಚೈತನ್ಯನನ್ನು ಕೇಳಿದೆ.

"ತಲೆ ಕೆಟ್ಟಿದೆಯಾ ಬಾಬು? ಅಷ್ಟು ದೊಡ್ಡವರನ್ನ ಆ ಬಿಸಿಯಲ್ಲಿ ಗಂಟೆಗಟ್ಟಲೆ ಕೂರಿಸೋದಾ? ಮರ್ಯಾದೆ ಬೇಡವಾ? ಅದಕ್ಕೇ ತಾನೇ ನಿನ್ನನ್ನ ಇಟ್ಕೊಂಡಿರೋದು." ಲೈಟು ಎಳೆಯುತ್ತಾ ಹೇಳಿದ, "ಅಮ್ಮನೇ ಕೂತರೆ ನೀನ್ಯಾಕೆ ಇಲ್ಲಿ?"

ಅದೂ ಸರಿ. ಸೂರ್ಯಪ್ರಕಾಶ ಗಾರಿಗೂ ಹೇಳಲು ಹೋದೆ. ಅವರು ಫೋನಿನಲ್ಲಿ ಶಾಲಿನ ಬಣ್ಣ ಆರಿಸುತ್ತಿದ್ದರು. ನಾನು ಬಾಯಿ ತೆರೆಯುವ ಮುಂಚೆಯೇ, "ಒಳ್ಳೆ ಹುಡುಗ. ಯುಗಾದಿ ಆಗಲಿ, ನಿನ್ನನ್ನ ಪರ್ಮನೆಂಟ್ ಮಾಡ್ತೀನಿ. ಐಡಿ ಕಾರ್ಡಿಗೆ ಒಂದು ಫೋಟೋ ಕೊಡು," ಎಂದರು.

ಕೊಟ್ಟೆ. ಎಡಗಡೆಯಿಂದ ಬೆಳಕು ಬಿದ್ದದ್ದು.

ಫೆಬ್ರವರಿ 16, ಭಾನುವಾರ

ಅಕ್ಕನಿಗೆ ಹೇಳಿದೆ. ಅವಳು ಬಟಾಣಿ ಬಿಡಿಸುತ್ತಿದ್ದಳು.

"ನಿಂಗ್ಯಾಕ ಬೇಕು ಅದು? ನೀನು ಸುಮ್ನ ಕುಂದ್ರು."

"ಸುಮ್ನ ಕುಂತಿದ್ದಕ್ಕ ಅವರ ಕೆಲಸ ಹೋಗ್ತೈತಿ ಅಕ್ಕ."

"ಎದ್ರೆ ನಿಂದು ಹೋಗ್ತೈತಿ. ಹುಟ್ಟಿದಾಗಿಂದ ನಿನ್ನ ಕುಂದ್ರು ಕುಂದ್ರು ಅಂತ ಬಡಕಂಡು ಬಂದೀವಿ. ಈಗ ಕುಂತಿದ್ದಕ್ಕ ಪಗಾರ ಕೊಡ್ತಾರ. ದೇವರು ಕಣ್ಣು ಬಿಟ್ಟಾನ ಅಂದ್ರ ನೀನು ಲೈಟು ಸರಿ ಇಲ್ಲ ಅಂತಿ."

ಅವ್ವ ಊರಲ್ಲಿ ಎಲ್ಲರಿಗೂ ನಾನು ಟಿವಿಯಲ್ಲಿದ್ದೇನೆ ಎಂದು ಹೇಳಿದ್ದಾಳಂತೆ. ಯಾವಾಗ ಬರುತ್ತಾನೆ ಎಂದು ಕೇಳಿದವರಿಗೆ, "ಅವನು ಎದ್ದ ಮೇಲೆ ಕಾರ್ಯಕ್ರಮ ಶುರುವಾಗ್ತೈತಿ," ಎನ್ನುತ್ತಾಳಂತೆ. ಸುಳ್ಳೇನಲ್ಲ.

ಮಾರ್ಚ್ 5, ಬುಧವಾರ

ಪದ್ಮಾ ಗಾರು ಯುಗಾದಿಗೆ ಸೀರೆ ತಂದು ತೋರಿಸಿದರು. ಗೆರೆ ಇಲ್ಲದ್ದು, ಚೌಕುಳಿ ಇಲ್ಲದ್ದು. ಎಚ್‌ಡಿಗೆ ಸಣ್ಣ ಗೆರೆ ಆಗುವುದಿಲ್ಲ ಎಂದು ಯಾರೋ ಹೇಳಿದರಂತೆ. "ಮುಖದ್ದು ಬಿಡಾಕ ಬರಂಗಿಲ್ಲ, ಸೀರೀದಾದ್ರೂ ಬಿಡಬಹುದಲ್ಲ," ಎಂದರು. ಇನ್ನು ವಿಜಯವಾಡದವರ ಹುಟ್ಟಿದಹಬ್ಬವೂ ಓದಬೇಕು ಎಂದು ಆ ಊರಿನ ಏರಿಯಾಗಳನ್ನು ಬಾಯಿಪಾಠ ಮಾಡುತ್ತಿದ್ದಾರೆ. ಪಟಮಟ, ಗುಣದಲ, ಭವಾನಿಪುರಂ, ಇಬ್ರಾಹಿಂಪಟ್ನಂ. ನನಗೆ ಒಪ್ಪಿಸಿದರು. ಒಂದೂ ತಪ್ಪಲಿಲ್ಲ.

ಹೊದಿಸುವ ಶಾಲು ಒಳಗಿನ ಬೀರುವಿಗೆ ಬಂದು ಕೂತಿದೆ.

ಇವತ್ತು ಕುರ್ಚಿಯಲ್ಲಿ ಕೂರಲು ಆಗಲಿಲ್ಲ. ಕೃಷ್ಣಚೈತನ್ಯ ನಾಲ್ಕು ಸಲ ಬೈದ.

ಮಾರ್ಚ್ 12, ಬುಧವಾರ

ನಾಳೆ ಬೆಳಿಗ್ಗೆ ಎಲ್ಲರೂ ವಿಜಯವಾಡಕ್ಕೆ. ಅಲ್ಲಿಯ ಪಾರ್ಟ್‌ನರ್ ಒಂದೇ ಒಂದು ಸಲ ಪದ್ಮಾ ಗಾರನ್ನು ತಮ್ಮ ಸ್ಟುಡಿಯೋದಲ್ಲಿ ಕೂರಿಸಿ ನೋಡುತ್ತಾರಂತೆ. ನೋಡದೆ ಬೇಡ ಎಂದರೆ ಮರ್ಯಾದೆಯಲ್ಲ, ನೋಡಿ ಬೇಡ ಎನ್ನಬೇಕು. ಅಲ್ಲಿಗೆ ಮುಗಿಯಿತು.

ಹೋಗುವವರು ನಾಲ್ಕೇ ಜನ. ನಾನಿಲ್ಲದಿದ್ದರೆ ಯಾರು ಕೂರುತ್ತಾರೆ ಎಂದು ಸುಮ್ಮನೆ ಯೋಚಿಸಿದೆ. ಕೃಷ್ಣಚೈತನ್ಯ ಕ್ಯಾಮೆರಾದ ಹಿಂದೆ ಇರಲೇಬೇಕು. ಸೂರ್ಯಪ್ರಕಾಶ ಗಾರು ಬೋಳುತಲೆಯವರು, ಒಮ್ಮೆ ಕೂತಿದ್ದಾಗ ಮಾನಿಟರಿನಲ್ಲಿ ಸೂರ್ಯ ಹುಟ್ಟಿದ್ದ. ಉಳಿದವರು ಒಬ್ಬರೇ.

ಅಕ್ಕ ನಾಳೆಗೆ ಮೊಸರನ್ನ ಕಟ್ಟಿಕೊಡುತ್ತಾಳಂತೆ.

ಮಾರ್ಚ್ 13, ಗುರುವಾರ. ದುವ್ವಾಡ ಸ್ಟೇಷನ್

ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ವಿಶಾಖಪಟ್ಟಣ ಬಿಟ್ಟ ಮೇಲೆ ಮೊದಲು ನಿಂತದ್ದು ಇಲ್ಲಿಯೇ. ಪದ್ಮಾ ಗಾರು, "ನೀರು ತರಾಕ ಮರತೆ ನೋಡು," ಎಂದರು. ನಾನು ತರುತ್ತೇನೆ ಎಂದು ಇಳಿದೆ. ಬಾಟಲಿ ತೆಗೆದುಕೊಂಡೆ. ಗಾಡಿ ಸೀಟಿ ಹಾಕಿತು. ಬಾಗಿಲಲ್ಲಿ ನಿಂತ ಕೃಷ್ಣಚೈತನ್ಯ, "ಬಾ ಬಾಬು, ಬಾ," ಎಂದು ಕೈ ಬೀಸಿದ. ನಾನು ಬಗ್ಗಿ ಲೇಸ್ ಕಟ್ಟಿಕೊಂಡೆ. ಗಾಡಿ ಹೋಯಿತು. ಚಪ್ಪಲಿಗೆ ಲೇಸ್ ಇರುವುದಿಲ್ಲ ಎಂಬುದು ಆಮೇಲೆ ನೆನಪಾಯಿತು.

ಫೋನ್ ಆಫ್ ಮಾಡಿದ್ದೇನೆ.

ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಅಜ್ಜಿ ಶೇಂಗಾ ಮಾರುತ್ತಿದ್ದಾಳೆ. ಬೆಳಿಗ್ಗೆ ಬಿಸಿಲು ಪಕ್ಕದಿಂದ ಬೀಳುತ್ತಿದ್ದಾಗ ಅವಳು ನೂರು ವರ್ಷದವಳ ಹಾಗೆ ಕಾಣುತ್ತಿದ್ದಳು. ಈಗ ಬಿಸಿಲು ಅವಳ ಎದುರಿಗೆ ಬಂದಿದೆ. ನಮ್ಮ ಅವ್ವನ ವಯಸ್ಸಿರಬಹುದು. ಕೃಷ್ಣಚೈತನ್ಯನಿಗೆ ತೋರಿಸಬೇಕಿತ್ತು.

ಬಳ್ಳಾರಿ ಕಡೆಗೆ ಹೋಗುವ ಗಾಡಿಯೊಂದು ಬಂದು ನಿಂತಿತು. ಹತ್ತಬಹುದಿತ್ತು. ಹತ್ತಲಿಲ್ಲ. ಮೊಸರನ್ನ ತಿಂದೆ. ನೀರಿನ ಬಾಟಲಿಯ ಮುಚ್ಚಳ ಒಡೆಯಲಿಲ್ಲ, ಅದು ನನ್ನದಲ್ಲ. ದುವ್ವಾಡದ ಫ್ಯಾಕ್ಟರಿಗಳ ಹುಡುಗರು ಶಿಫ್ಟ್ ಮುಗಿಸಿ ಬಂದರು, ಗಾಡಿ ಹತ್ತಿ ಹೋದರು. ಶೇಂಗಾ ಅಜ್ಜಿ ಬುಟ್ಟಿ ಹೊತ್ತು ಹೊರಟವಳು, "ಬೆಳಿಗ್ಗೆಯಿಂದ ಕಲ್ಲಿನ ಹಾಗೆ ಕೂತಿದ್ದೀಯಲ್ಲ ನಾಯನಾ, ಯಾರು ಬರಬೇಕು?" ಎಂದು ಕೇಳಿದಳು.

ಯಾರೂ ಇಲ್ಲ ಎಂದೆ.

ಮಾರ್ಚ್ 14, ಶುಕ್ರವಾರ

ಸೂರ್ಯಪ್ರಕಾಶ ಗಾರು ಭಾವನಿಗೆ ಫೋನ್ ಮಾಡಿ, ಬಹಳ ಮರ್ಯಾದೆಯಿಂದ ನನ್ನನ್ನು ಕೆಲಸದಿಂದ ತೆಗೆದರು. "ಗುರುದತ್ತ ಗಾರು ಒಳ್ಳೆಯವರೇ, ಆದರೆ ನಮಗೆ ನಿಲ್ಲುವವರು ಬೇಕು," ಎಂದರಂತೆ. ಕೂರುವವರು ಬೇಕು ಎಂದಲ್ಲವೇ ಹೇಳಿದ್ದು.

"ನೋಡಪ್ಪ," ಎಂದರು ಭಾವ. ಮುಂದಿನದನ್ನು ಅಕ್ಕ ಹೇಳಿದಳು. "ನೀರು ತರಾಕ ಇಳದು ಓಡಿ ಹೋಗ್ತಾರನಲೇ? ಮಿಲ್ಲಿನಾಗ ಊಟಕ್ಕ ಎದ್ದಿ, ಇಲ್ಲಿ ನೀರಿಗೆ ಎದ್ದಿ. ನಿನ್ನ ಹಣೆಬರಾನೇ ಏಳೋದು."

ಹಬ್ಬ ಮುಗಿದ ಮರುದಿನವೇ ಊರಿಗೆ ಟಿಕೆಟ್. ನಿಜ ಹೇಳಿದರೆ ಅದೊಂದು ಕಥೆಯ ಹಾಗಿರುತ್ತದೆ, ನಂಬುವುದಿಲ್ಲ.

ಸಂಜೆ ಕೃಷ್ಣಚೈತನ್ಯ ಬೈಯಲೆಂದೇ ಫೋನ್ ಮಾಡಿದ.

"ನಿನ್ನಿಂದ ಅಮ್ಮನೇ ಆ ಬಿಸಿಯಲ್ಲಿ ಕೂರಬೇಕಾಯ್ತು, ಗೊತ್ತಾ? ನಾನು ನಾಚಿಕೆಯಿಂದ ಸತ್ತೆ. ಆ ದೊಡ್ಡ ಲೈಟು ಪಕ್ಕದಿಂದ ಕಣ್ಣಿಗೆ ಚುಚ್ಚುತ್ತೆ, ಎದುರಿಗೆ ತಾ ಅಂದರು. ದೊಡ್ಡವರು ಹೇಳಿದ ಮೇಲೆ ಏನು ಮಾಡ್ತೀಯ, ತಂದಿಟ್ಟೆ. ಸ್ವಲ್ಪ ಮೇಲೆ ಅಂದರು, ಎತ್ತಿದೆ."

"ಆಮೇಲೆ?"

"ಆಮೇಲೇನು, ಮಾನಿಟರಿನಲ್ಲಿ ದೇವತೆ ಹಾಗೆ ಕಂಡರು. ವಿಜಯವಾಡದವರು, ಇವರನ್ನ ಬಿಟ್ಟು ಬೇರೆ ಯಾರೂ ಬೇಡ ಅಂದರು. ನಮ್ಮ ಸರ್‌ಗೆ ಕಾರಣ ಗೊತ್ತಾಗಿದೆ."

"ಏನಂತೆ?"

"ಕರೆಂಟು. ಅವರ ಸ್ಟುಡಿಯೋ ಇಬ್ರಾಹಿಂಪಟ್ನಂ ರೋಡಿನಲ್ಲಿದೆ. ಥರ್ಮಲ್ ಸ್ಟೇಷನ್ ಪಕ್ಕದಲ್ಲೇ. ಕರೆಂಟು ಫ್ರೆಶ್ ಆಗಿ ಬರುತ್ತೆ, ಅದಕ್ಕೇ ಮುಖ ಹಾಗೆ ಬರುತ್ತೆ ಅಂತಾರೆ ಸರ್. ನಮ್ಮ ಸ್ಟುಡಿಯೋಗೆ ದೊಡ್ಡ ಸ್ಟೆಬಿಲೈಸರ್ ಆರ್ಡರ್ ಮಾಡಿದ್ದಾರೆ."

ಇನ್ನು ಮೇಲೆ ಲೈಟು ಇಡುವಾಗ ಅಮ್ಮನೇ ಕೂರುತ್ತಾರಂತೆ. ಬೇಡವೆಂದರೂ ಕೇಳುವುದಿಲ್ಲವಂತೆ. ರಾಜ್ಯಶ್ರೀಗೆ ಸಂಜೆಯ ಸಿನಿಮಾ ಸುದ್ದಿ. ಶಾಲನ್ನು ಕ್ಯಾಮೆರಾಕ್ಕೆ ಹೊದಿಸಿದ್ದಾರೆ, ಧೂಳು ಬೀಳದ ಹಾಗೆ.

ಮಾರ್ಚ್ 30, ಭಾನುವಾರ. ಯುಗಾದಿ

ಬೇವುಬೆಲ್ಲ ತಿಂದು, ಪಕ್ಕದ ಮನೆಯವರು ಕೊಟ್ಟ ಯುಗಾದಿ ಪಚ್ಚಡಿಯನ್ನೂ ತಿಂದು, ಮೂವರೂ ಟಿವಿಯ ಮುಂದೆ ಕೂತೆವು. ಕೆರಟಂ ಟಿವಿ ಎಚ್‌ಡಿ. ಮೊದಲು ಸೂರ್ಯಪ್ರಕಾಶ ಗಾರು ಬಂದು, ಇನ್ನು ಮೇಲೆ ಎಲ್ಲವೂ ಗಾಜಿನಂತೆ ಕಾಣುತ್ತದೆ ಎಂದರು. ಆಮೇಲೆ ಪದ್ಮಾ ಗಾರು, ಗೆರೆಯಿಲ್ಲದ ಸೀರೆಯಲ್ಲಿ.

ಅಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. "ಇದಾ ಎಚ್‌ಡಿ? ಮೊದಲಿನಂಗ ಮಬ್ಬಾಗೇ ಐತಲ್ಲ."

"ಎಚ್‌ಡಿಗೆ ಬೇರೆ ಬಾಕ್ಸ್ ಬೇಕು," ಎಂದರು ಭಾವ. "ನಮ್ಮದು ಹಳೇದು. ಈ ಬಿಲ್ಡಿಂಗಿನಲ್ಲಿ ಯಾರ ಹತ್ರಾನೂ ಅದು ಇಲ್ಲ. ಕೇಬಲ್‌ನವನನ್ನ ಕೇಳಿದೆ, ಈ ಕಾಲೋನಿಯಲ್ಲಿ ಯಾರೂ ಕೇಳೇ ಇಲ್ಲವಂತೆ."

ಹಾಗಾದರೆ ಆ ಗೆರೆಗಳನ್ನು ಸ್ಟುಡಿಯೋದಲ್ಲಿ ನಾವು ನಾಲ್ಕೈದು ಜನ ಬಿಟ್ಟು ಬೇರೆ ಯಾರೂ ನೋಡುತ್ತಲೇ ಇರಲಿಲ್ಲ. ನನಗೆ ನಗು ಬಂತು. ಅಕ್ಕ, "ಯಾಕ ನಗತಿ?" ಎಂದಳು. ಬೇವಿನ ಕಹಿ ಎಂದೆ.

ಪದ್ಮಾ ಗಾರು ಹುಟ್ಟಿದಹಬ್ಬ ಓದಿದರು. ಗಾಜುವಾಕ, ಮಧುರವಾಡ, ಪಟಮಟ, ಗುಣದಲ. ಒಂದೂ ತಪ್ಪಲಿಲ್ಲ. ಎಲ್ಲ ಮುಗಿಸಿ ಕೈ ಮುಗಿದವರು, ಕ್ಯಾಮೆರಾ ನೋಡಿಕೊಂಡೇ ಕನ್ನಡದಲ್ಲಿ ಅಂದರು:

"ನೀರು ತರಾಕ ಹೋದಾವ ಎಲ್ಲಿ ಕುಂತೀಯೋ? ಬಾಯಿ ಒಣಗೇತಿ. ತಗಂಡು ಬಾ."

ಆಮೇಲೆ ಜಾಹೀರಾತು ಬಂತು.

"ಕನ್ನಡದಾಗ ಮಾತಾಡಿದ್ಲಲ್ಲ. ಯಾರಿಗೆ?" ಎಂದಳು ಅಕ್ಕ. ಭಾವ ನನ್ನನ್ನು ನೋಡಿದರು. ನಾನು ಕಿಟಕಿ ನೋಡಿದೆ. ಅಲ್ಲಿ ದುವ್ವಾಡದ ಬಾಟಲಿ ಹಾಗೇ ಇದೆ, ಮುಚ್ಚಳ ಒಡೆದಿಲ್ಲ. ಬಿಸಿಲು ಎದುರಿನಿಂದ ಬೀಳುತ್ತಿತ್ತು.

ಊರಿನ ಗಾಡಿ ನಾಳೆ ಮಧ್ಯಾಹ್ನ. ದ್ವಾರಕಾನಗರದ ಸ್ಟುಡಿಯೋ ಬೆಳಿಗ್ಗೆಯೇ ತೆರೆದಿರುತ್ತದೆ.

ಭಾವನ ಊಟ ಮುಗಿಯಿತು. ಒಬ್ಬಟ್ಟು ಆರುತ್ತಿದೆಯಂತೆ. ಅಕ್ಕ ಎರಡು ಸಲ ಬಂದು ಕರೆದು ಹೋದಳು. ಈಗ ಮತ್ತೆ ಬಂದಿದ್ದಾಳೆ.

"ಎಷ್ಟೊತ್ತು ಅಲ್ಲೇ ಕುಂದರ್ತೀಯಲೇ? ಏಳು."

ಈ ಪುಟ ಮುಗಿಸಿ ಬರುತ್ತೇನೆ ಎಂದೆ.